ಮಾರು ಗಿಡ್ಡ, ಬಿಲ್ಲು ಉದ್ದ: ಬಾಣ ಕೆಳಗೆ ಬೀಳುವ ದೋಷವನ್ನು ಹಿಡಿಯುವುದು ಹೇಗೆ

ಹೋದ ವರ್ಷ ಆಷಾಢದಲ್ಲಿ ಒಂದು ಬೆಳಿಗ್ಗೆ ನನ್ನ ಅಕ್ಕನ ಮಗಳು ಬಿಲ್ಲು ಕೆಳಗಿಟ್ಟು ಅಳುತ್ತಾ ಕೂತುಬಿಟ್ಟಳು. ಚಿಕ್ಕಬಳ್ಳಾಪುರದ ಹೊರಗೆ, ನಂದಿಬೆಟ್ಟ ಕಾಣುವ ಒಂದು ಬಯಲಿನಲ್ಲಿ ನಾವು ಅಭ್ಯಾಸ ಮಾಡುತ್ತೇವೆ. ಅವಳಿಗೆ ಆಗ 13 ವರ್ಷ. 30 ಮೀಟರ್‌ನಲ್ಲಿ ಚೆನ್ನಾಗಿ ಹೊಡೆಯುತ್ತಿದ್ದಳು. 50 ಮೀಟರ್‌ಗೆ ನಿಂತರೆ ಬಾಣಗಳೆಲ್ಲ ಟಾರ್ಗೆಟ್ ಕೆಳಗಿನ ಮಣ್ಣಿಗೆ ಹೋಗುತ್ತಿದ್ದವು. ಗುರಿ ನೋಡುವ ಸೈಟ್ ಪಿನ್ ಇಳಿಸಿ ಇಳಿಸಿ, ಕೊನೆಗೆ ಅದು ಬಾಣಕ್ಕೇ ತಗಲುವಷ್ಟು ಕೆಳಗೆ ಬಂದಿತ್ತು. ಇನ್ನು ಇಳಿಸಲು ಜಾಗವೇ ಇರಲಿಲ್ಲ.

"ನನ್ನ ಕೈಯಲ್ಲಿ ಶಕ್ತಿ ಇಲ್ಲ ಚಿಕ್ಕಮ್ಮ" ಅಂದಳು.

ನೋಡಿದವರೆಲ್ಲ ಅದನ್ನೇ ಹೇಳಿದ್ದರು. ಇನ್ನೂ ಭಾರದ ಲಿಂಬ್ (ಬಿಲ್ಲಿನ ಬಾಗುವ ಪಟ್ಟಿ) ಹಾಕಿಸಿ, ದಿನಾ ದಂಡ ಹೊಡೆಸಿ, ಮೊಟ್ಟೆ ತಿನ್ನಿಸಿ ಅಂತ. ನಾನೂ ಎರಡು ತಿಂಗಳು ಹಾಗೇ ನಂಬಿದ್ದೆ. ಅದಕ್ಕೆ ಈಗಲೂ ಮನಸ್ಸಿಗೆ ಬೇಜಾರಾಗುತ್ತದೆ. ಏಕೆಂದರೆ ಅವಳ ಕೈ ಸರಿಯಾಗಿಯೇ ಇತ್ತು. ಬಿಲ್ಲು ಅವಳ ಅಳತೆಯದಾಗಿರಲಿಲ್ಲ.

ಚಿಕ್ಕ ಮೈಕಟ್ಟಿನ ಮಕ್ಕಳು, ಎತ್ತರ ಕಡಿಮೆ ಇರುವ ಹೆಂಗಸರು, ಗಿಡ್ಡ ತೋಳಿನವರು ರಿಕರ್ವ್ (ತುದಿ ಮುಂದಕ್ಕೆ ಬಾಗಿದ) ಬಿಲ್ಲು ಹಿಡಿದಾಗ ಬರುವ ತೊಂದರೆಗಳಲ್ಲಿ ಬಹುಪಾಲಿಗೆ ಮೂಲ ಇದೇ. ಆ ದೋಷ ಹಿಡಿಯಲು ನಾನು ಯಾವುದಾದ ಮೇಲೆ ಯಾವುದನ್ನು ನೋಡುತ್ತೇನೋ ಅದೇ ಸಾಲಿನಲ್ಲಿ ಇಲ್ಲಿ ಬರೆದಿದ್ದೇನೆ. ಸಾಲು ತಪ್ಪಿಸಬೇಡಿ. ಮುಂಚೆ ಬಾಣ ಬದಲಾಯಿಸಿ, ಆಮೇಲೆ ಬಿಲ್ಲು ಬದಲಾಯಿಸಿದರೆ, ಬಾಣಕ್ಕೆ ಹಾಕಿದ ದುಡ್ಡು ಹೋದ ಹಾಗೇ.

ಮೊದಲು ಮಾರು ಅಳೆಯಿರಿ

ನಮ್ಮೂರ ಹೂವಿನ ಮಾರ್ಕೆಟ್‌ನಲ್ಲಿ ಹೂವನ್ನು ಮೊಳ, ಮಾರಿನ ಲೆಕ್ಕದಲ್ಲಿ ಕೊಡುತ್ತಾರೆ. ಎರಡೂ ಕೈ ಚಾಚಿದರೆ ಒಂದು ಮಾರು. ಒಬ್ಬೊಬ್ಬರ ಮಾರು ಒಂದೊಂದು ಅಂತ ಹೂವು ಕೊಳ್ಳುವವರಿಗೆಲ್ಲ ಗೊತ್ತು. ಬಿಲ್ಲು ಕೊಳ್ಳುವಾಗ ಮಾತ್ರ ನಾವು ಅದನ್ನು ಮರೆಯುತ್ತೇವೆ.

ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ. ಕೈಗಳನ್ನು ಅಕ್ಕಪಕ್ಕಕ್ಕೆ ಚಾಚಿಸಿ. ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಗೆ ಎಷ್ಟು ಇಂಚು ಇದೆ ನೋಡಿ, ಅದನ್ನು 2.5ರಿಂದ ಭಾಗಿಸಿ. ಬರುವುದೇ ಎಳೆತದ ಉದ್ದ, ಅಂದರೆ ಹೆದೆಯನ್ನು ಪೂರ್ತಿ ಎಳೆದಾಗಿನ ಅಳತೆ, ಅಂದಾಜಿಗೆ. ನಮ್ಮ ಹುಡುಗಿಯ ಮಾರು 58 ಇಂಚು ಇತ್ತು. ಅಂದರೆ ಎಳೆತ 23 ಇಂಚು ಚಿಲ್ಲರೆ.

ಅಂದಾಜಿಗೆ ಇಷ್ಟು ಸಾಕು, ಬಿಲ್ಲು ಕೊಳ್ಳಲು ಸಾಲದು. ಸರಿಯಾದ ಅಳತೆಗೆ ಹಗುರವಾದ ಒಂದು ಬಿಲ್ಲು ಬೇಕು, ಎಳೆದಾಗ ಬೆರಳಿಗೆ 16 ಪೌಂಡ್ ಆಸುಪಾಸು ಭಾರ ಬರುವಂಥದ್ದು. ಜೊತೆಗೆ ಕತ್ತರಿಸದ ಉದ್ದನೆಯ ಒಂದು ಬಾಣ. ಮಗು ಮೈ ಬಿಸಿ ಮಾಡಿಕೊಂಡ ಮೇಲೆ, ಟಾರ್ಗೆಟ್ ಕಡೆಗೇ ಮುಖ ಮಾಡಿ, ಹೆದೆಯನ್ನು ಗದ್ದದ ಕೆಳಗಿನ ತನ್ನ ಜಾಗಕ್ಕೆ ಎಳೆದು ನಿಲ್ಲಲಿ. ಪಕ್ಕದಲ್ಲಿ ನಿಂತವರು ಪ್ಲಂಜರ್ (ಬಾಣಕ್ಕೆ ಪಕ್ಕದಿಂದ ಆಸರೆ ಕೊಡುವ ಸ್ಪ್ರಿಂಗ್ ಗುಂಡಿ) ತೂತಿನ ನೇರಕ್ಕೆ ಬಾಣದ ಮೇಲೆ ಪೆನ್ನಿನಿಂದ ಗುರುತು ಹಾಕಲಿ. ಆಮೇಲೆ ಮೆಲ್ಲಗೆ ಇಳಿಸಲಿ. ಹೀಗೆ ಐದಾರು ಸಲ. ಹೆದೆಗೆ ಕಚ್ಚಿಕೊಳ್ಳುವ ಬಾಣದ ಹಿಂತುದಿ, ಅಂದರೆ ನಾಕ್‌ನ ಒಳಗಿನ ಕಚ್ಚಿನಿಂದ ಆ ಗುರುತಿನವರೆಗೆ ಅಳೆದು 1.75 ಇಂಚು ಕೂಡಿಸಿ. ಲಿಂಬ್ ಮಾಡುವ ಕಂಪನಿಗಳು ಎಳೆತ ಅಂತ ಕರೆಯುವುದು ಈ ಕೂಡಿಸಿದ ಅಳತೆಯನ್ನು. ನಮ್ಮವಳದು ಗುರುತಿಗೆ 21.75 ಬಂತು. ಕೂಡಿಸಿದರೆ 23.5 ಇಂಚು.

ಒಂದೇ ದಿನ ಅಳೆದು ಮುಗಿಸಬೇಡಿ. ಮೂರು ಬೇರೆ ಬೇರೆ ದಿನ ಅಳೆಯಿರಿ. ಸುಸ್ತಾದ ದಿನ ಅರ್ಧ ಇಂಚು ಕಡಿಮೆ ಬರುವುದು ಮಾಮೂಲಿ.

ತೋಳೇ ಗಿಡ್ಡವೋ, ಬಿಲ್ಲು ಗಿಡ್ಡ ಮಾಡಿದೆಯೋ

ಇದನ್ನು ನೋಡದೆ ಮುಂದೆ ಹೋಗಬಾರದು. ಎಳೆತ ಕಡಿಮೆ ಬರಲು ಎರಡು ಕಾರಣ ಇರುತ್ತವೆ. ಒಂದು, ಮೂಳೆಯ ಅಳತೆಯೇ ಅಷ್ಟು. ಇನ್ನೊಂದು, ಬಿಲ್ಲು ಭಾರವಾಗಿ ಮಗು ಪೂರ್ತಿ ಎಳೆಯದೆ ಅರ್ಧದಲ್ಲೇ ನಿಲ್ಲಿಸುತ್ತಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಗಿಡ್ಡ ಬಿಲ್ಲು ಬೇಕು. ಎರಡನೆಯದಕ್ಕೆ ಹಗುರವಾದ ಲಿಂಬ್ ಬೇಕು.

ಗೊತ್ತು ಮಾಡುವುದು ಸುಲಭ. ಮಗು ಎಳೆದು ನಿಂತಾಗ ಅದರ ಹಿಂದೆ ಹೋಗಿ ನಿಲ್ಲಿ. ಹೆದೆ ಎಳೆದ ಕೈಯ ಮೊಣಕೈ ಎಲ್ಲಿದೆ ನೋಡಿ. ಅದು ಬಾಣದ ನೇರಕ್ಕೆ, ಬಾಣದ ಹಿಂದೆ ಬಂದಿದ್ದರೆ ಎಳೆತ ಪೂರ್ತಿಯಾಗಿದೆ. ಮೊಣಕೈ ಹೊರಗೆ ಚಾಚಿಕೊಂಡಿದ್ದರೆ ಪೂರ್ತಿಯಾಗಿಲ್ಲ. ಈಗ ಅದೇ ಮಗುವಿಗೆ ಬಿಲ್ಲಿನ ಬದಲು ರಬ್ಬರ್ ಬ್ಯಾಂಡ್ ಕೊಡಿ. ಬ್ಯಾಂಡ್‌ನಲ್ಲಿ ಮೊಣಕೈ ನೇರಕ್ಕೆ ಬಂದು, ಬಿಲ್ಲಿನಲ್ಲಿ ಬರದಿದ್ದರೆ ತಪ್ಪು ಬಿಲ್ಲಿನ ಭಾರದ್ದು. ಬಿಲ್ಲು ಹಿಡಿದ ಕೈಯ ಭುಜ ಕಿವಿಯ ಕಡೆಗೆ ಮೇಲೆದ್ದಿದ್ದರೂ ಅದೇ ಅರ್ಥ.

ಇಂಥ ಮಗುವಿಗೆ ಗಿಡ್ಡ ಬಿಲ್ಲು ಕೊಡಿಸಿದರೆ ಮೋಸ ಹೋದ ಹಾಗೆ. ಆರು ತಿಂಗಳಲ್ಲಿ ಭುಜ ಸರಿಯಾಗಿ ಕೂತು ಎಳೆತ ಒಂದು ಇಂಚೋ ಒಂದೂವರೆ ಇಂಚೋ ಜಾಸ್ತಿಯಾಗುತ್ತದೆ. ಆಗ ಬಿಲ್ಲು ಚಿಕ್ಕದಾಗುತ್ತದೆ.

ನಮ್ಮವಳ ಮೊಣಕೈ ಬ್ಯಾಂಡ್‌ನಲ್ಲೂ ನೇರ, ಬಿಲ್ಲಿನಲ್ಲೂ ನೇರ. ಗಿಡ್ಡ ಎಳೆತ ಅವಳ ಸ್ವಂತದ್ದು.

ಲಿಂಬ್ ಮೇಲಿನ ನಂಬರ್ ಅವಳದಲ್ಲ

ಬಾಣ ಕೆಳಗೆ ಬೀಳುತ್ತಿದ್ದರೆ ಮುಂದಿನ ಕೆಲಸ ತೂಗುವುದು. ಅವಳ ಬಿಲ್ಲು ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೊಂಡದ್ದು. 25 ಇಂಚಿನ ರೈಸರ್ (ಹಿಡಿ ಇರುವ ನಡುಭಾಗ), ಮೀಡಿಯಂ ಲಿಂಬ್, ಒಟ್ಟು 68 ಇಂಚು. ಲಿಂಬ್ ಮೇಲೆ 28 ಪೌಂಡ್ ಅಂತ ಬರೆದಿತ್ತು. ಅಂಗಡಿಯವರು ಅವಳ ತೋಳು ಅಳೆಯಲೇ ಇಲ್ಲ. ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ ಅಂದರು, ನಾವೂ ತಂದೆವು.

ಲಿಂಬ್ ಮೇಲೆ ಬರೆಯುವ ಪೌಂಡ್ ಲೆಕ್ಕ ಯಾವುದು ಅಂತ ಮೊದಲು ತಿಳಿಯಬೇಕು. 25 ಇಂಚಿನ ರೈಸರ್‌ಗೆ ಹಾಕಿ, 28 ಇಂಚು ಎಳೆದಾಗ ಬೆರಳಿಗೆ ಎಷ್ಟು ಭಾರ ಬರುತ್ತದೋ ಅದು. 28 ಇಂಚು ಎಳೆಯುವವರು ಸಾಮಾನ್ಯವಾಗಿ ಐದು ಮುಕ್ಕಾಲು ಅಡಿ ಮೇಲಿನ ಆಳುಗಳು. ಅದಕ್ಕಿಂತ ಒಂದು ಇಂಚು ಕಡಿಮೆ ಎಳೆದರೆ ಸುಮಾರು ಎರಡು ಪೌಂಡ್ ಕಡಿಮೆ. ಹಗುರ ಲಿಂಬ್ ಆದರೆ ಒಂದೂವರೆ ಪೌಂಡ್ ಅಂತ ಇಟ್ಟುಕೊಳ್ಳಿ.

ಲೆಕ್ಕಕ್ಕಿಂತ ತಕ್ಕಡಿ ಮೇಲು. ಬಿಲ್ಲು ತೂಗುವ ತಕ್ಕಡಿ ಅಂತಲೇ ಬರುತ್ತದೆ, ಆದರೆ ಬೇಕಾಗಿಲ್ಲ. ನಮ್ಮ ಭಾವ ರೇಷ್ಮೆ ಬೆಳೆಗಾರರು. ಶಿಡ್ಲಘಟ್ಟದ ಮಾರ್ಕೆಟ್‌ಗೆ ಹೋಗುವ ಮುಂಚೆ ಮನೆಯಲ್ಲೇ ಗೂಡು ತೂಗಿ ನೋಡಲು ಒಂದು ಕೊಕ್ಕೆ ತಕ್ಕಡಿ ಇಟ್ಟಿದ್ದಾರೆ. ಅದನ್ನೇ ತಂದೆ. ಊರಿಗೆ ಹೋಗುವಾಗ ಬ್ಯಾಗ್ ತೂಗುವ ಚಿಕ್ಕ ತಕ್ಕಡಿಯೂ ಆಗುತ್ತದೆ. ಬಾಣಕ್ಕೆ ಎಳೆತದ ಗುರುತಿನ ಜಾಗದಲ್ಲಿ ಟೇಪ್ ಸುತ್ತಿ, ನಾಕ್ ಹೆದೆಗೆ ಹಾಕಿ. ಬಾಣ ಕೂರುವ ಜಾಗದ ಕೆಳಗೆ ಹೆದೆಗೆ ಕೊಕ್ಕೆ ಸಿಕ್ಕಿಸಿ. ಒಬ್ಬರು ಬಿಲ್ಲು ಹಿಡಿಯಲಿ, ಇನ್ನೊಬ್ಬರು ತಕ್ಕಡಿ ಹಿಡಿದು ಟೇಪ್ ಪ್ಲಂಜರ್ ನೇರಕ್ಕೆ ಬರುವ ತನಕ ಎಳೆಯಲಿ. ಕಿಲೋ ನೋಡಿ 2.2ರಿಂದ ಗುಣಿಸಿದರೆ ಪೌಂಡ್. ಕೊಕ್ಕೆ ಜಾರಬಾರದು. ಬಾಣವಿಲ್ಲದೆ ಹೆದೆ ಬಿಟ್ಟರೆ ಲಿಂಬ್ ಸೀಳಬಹುದು, ಮುಖಕ್ಕೂ ಬಡಿಯಬಹುದು. ಮಕ್ಕಳನ್ನು ದೂರ ನಿಲ್ಲಿಸಿ.

ತಕ್ಕಡಿ 9.5 ಕಿಲೋ ತೋರಿಸಿತು. 21 ಪೌಂಡ್. 28 ಅಂತ ಎರಡು ತಿಂಗಳು ನಂಬಿಕೊಂಡಿದ್ದ ಬಿಲ್ಲು ಅವಳ ಬೆರಳಿಗೆ ಬರುತ್ತಿದ್ದದ್ದು 21.

ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಹೆದೆ ಬಿಟ್ಟ ಮೇಲೆ ಅದು ಬಾಣವನ್ನು ತಳ್ಳುವುದು ತನ್ನ ಮೊದಲಿನ ಜಾಗಕ್ಕೆ ಬರುವ ತನಕ. ಬಿಲ್ಲಿಗೆ ಹೆದೆ ಏರಿಸಿದಾಗ ಹಿಡಿಯ ಗುಳಿಯಿಂದ ಹೆದೆಗೆ ಇರುವ ದೂರ ಅವಳ ಬಿಲ್ಲಿನಲ್ಲಿ 8.5 ಇಂಚು. 28 ಇಂಚು ಎಳೆಯುವವರಿಗೆ ಗುರುತಿನ ತನಕ 26.25. ಅದರಲ್ಲಿ 8.5 ಕಳೆದರೆ 17.75 ಇಂಚು ತಳ್ಳು ಸಿಗುತ್ತದೆ. ನಮ್ಮವಳಿಗೆ 21.75ರಲ್ಲಿ 8.5 ಹೋದರೆ ಉಳಿಯುವುದು 13.25 ಮಾತ್ರ. ಭಾರದಲ್ಲಿ ಕಾಲು ಭಾಗ ಹೋಯಿತು, ತಳ್ಳುವ ದೂರದಲ್ಲೂ ಕಾಲು ಭಾಗ ಹೋಯಿತು. ಎರಡನ್ನೂ ಸೇರಿಸಿದರೆ ಬಾಣಕ್ಕೆ ಸಿಗುವ ಶಕ್ತಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ಅವಳಿಗೆ ತೋರಿಸಿದೆ. "ಹಾಗಾದ್ರೆ ತಪ್ಪು ನಂದಲ್ವಾ?" ಅಂತ ಕೇಳಿದಳು. ಅಲ್ಲ ಕಂದ, ನಿಂದಲ್ಲ ಅಂದೆ.

ಭಾರ ಏರಿಸಬೇಡಿ, ಉದ್ದ ಇಳಿಸಿ

ಇಲ್ಲೇ ಬಹಳ ಜನ ತಪ್ಪು ಮಾಡುತ್ತಾರೆ. ಭಾರ ಕಡಿಮೆ ಅಂತ ಗೊತ್ತಾದ ಕೂಡಲೇ ಅದೇ ಉದ್ದದ ಬಿಲ್ಲಿಗೆ 36 ಪೌಂಡ್ ಲಿಂಬ್ ತರುತ್ತಾರೆ. ಬೆರಳಿಗೆ 27 ಬರುತ್ತದೆ ಅನ್ನುವುದು ನಿಜ. ಆದರೆ ಬಿಲ್ಲಿನ ಸ್ವಭಾವ ಬದಲಾಗುವುದಿಲ್ಲ. ರಿಕರ್ವ್ ಲಿಂಬ್‌ನ ತುದಿ ಮುಂದಕ್ಕೆ ಬಾಗಿರುತ್ತದಲ್ಲ, ಎಳೆಯುತ್ತಾ ಹೋದಂತೆ ಆ ಬಾಗು ಬಿಚ್ಚಿಕೊಳ್ಳಬೇಕು. ಅದು ಚೆನ್ನಾಗಿ ಬಿಚ್ಚಿಕೊಂಡಾಗಲೇ ಲಿಂಬ್ ಚುರುಕಾಗಿ ಕೆಲಸ ಮಾಡುವುದು. 68 ಇಂಚಿನ ಬಿಲ್ಲನ್ನು 23 ಇಂಚು ಎಳೆದರೆ ಬಾಗು ಸರಿಯಾಗಿ ಬಿಚ್ಚುವುದಿಲ್ಲ. ಬಿಲ್ಲು ಮಂಕಾಗಿರುತ್ತದೆ. ಮಗು ಮಾತ್ರ ಜಾಸ್ತಿ ಭಾರ ಎಳೆದು ಭುಜ ನೋಯಿಸಿಕೊಳ್ಳುತ್ತದೆ.

ಅದೇ ಎಳೆತಕ್ಕೆ ಗಿಡ್ಡ ಬಿಲ್ಲು ಜಾಸ್ತಿ ಬಾಗುತ್ತದೆ. ಆದ್ದರಿಂದ ಮೊದಲು ಉದ್ದ ಗೊತ್ತು ಮಾಡಿ, ಆಮೇಲೆ ಪೌಂಡ್ ನೋಡಿ.

ಎಳೆತ 24 ಇಂಚಿನೊಳಗಿದ್ದರೆ 62 ಅಥವಾ 64 ಇಂಚಿನ ಬಿಲ್ಲು. 24ರಿಂದ 26ಕ್ಕೆ 64 ಅಥವಾ 66. 26ರಿಂದ 28ಕ್ಕೆ 66 ಅಥವಾ 68. ಅದರ ಮೇಲಿನವರಿಗೆ 68, 70. ಗಡಿಯಲ್ಲಿದ್ದರೆ, ಬೆಳೆಯುವ ಮಗುವಿಗೆ ಮೇಲಿನದು, ಬೆಳೆದು ನಿಂತವರಿಗೆ ಕೆಳಗಿನದು. ಇದು ನನ್ನ ಅಭಿಪ್ರಾಯ. ನಾನೂ ಐದಡಿಗಿಂತ ಕಡಿಮೆ ಎತ್ತರದವಳು, 64ರಲ್ಲೇ ಹೊಡೆಯುವುದು.

64 ಆಗುವುದು ಹೇಗೆ? ಬಿಲ್ಲಿನ ಉದ್ದ ಅಂದರೆ ರೈಸರ್ ಮತ್ತು ಲಿಂಬ್ ಕೂಡಿ. ರೈಸರ್ 23, 25, 27 ಇಂಚಿನಲ್ಲಿ ಬರುತ್ತದೆ. ಲಿಂಬ್ ಶಾರ್ಟ್, ಮೀಡಿಯಂ, ಲಾಂಗ್ ಅಂತ ಮೂರು ಬಗೆ. 25ರ ರೈಸರ್‌ಗೆ ಶಾರ್ಟ್ ಹಾಕಿದರೆ 66, ಮೀಡಿಯಂ ಹಾಕಿದರೆ 68, ಲಾಂಗ್ ಹಾಕಿದರೆ 70. ಅದೇ ಶಾರ್ಟ್ ಲಿಂಬನ್ನು 23ರ ರೈಸರ್‌ಗೆ ಹಾಕಿದರೆ 64. ಈಗಿನ ಹೆಚ್ಚಿನ ರೈಸರ್‌ಗಳಲ್ಲಿ ಐ.ಎಲ್.ಎಫ್. ಅನ್ನುವ ಒಂದೇ ಬಗೆಯ ಜೋಡಣೆ ಇರುತ್ತದೆ, ಹಾಗಾಗಿ ಒಂದು ಕಂಪನಿಯ ಲಿಂಬ್ ಇನ್ನೊಂದರ ರೈಸರ್‌ಗೆ ಕೂರುತ್ತದೆ. ಚಿಕ್ಕ ರೈಸರ್‌ಗೆ ಹಾಕಿದ ಲಿಂಬ್ ಬರೆದಿದ್ದಕ್ಕಿಂತ ಎರಡು ಪೌಂಡ್‌ವರೆಗೂ ಜಾಸ್ತಿ ಭಾರ ಕೊಡುತ್ತದೆ. ಗಿಡ್ಡ ಎಳೆತದವರಿಗೆ ಇದು ಲಾಭವೇ. ಆದರೆ ಲೆಕ್ಕಕ್ಕೆ ತಗೊಳ್ಳಲೇಬೇಕು.

ಹೊಸದಾಗಿ ಕಲಿಯುವವರು ಇಷ್ಟೆಲ್ಲ ಮಾಡಬೇಕಾಗಿಲ್ಲ. ಮರದ ರೈಸರ್ ಇರುವ ಬಿಚ್ಚುವ ಬಿಲ್ಲು 54, 62, 66, 68 ಇಂಚಿನಲ್ಲಿ ಸಿಗುತ್ತದೆ. ತೋಳು ಅಳೆದು 62 ಕೇಳಿದರೆ ಆಯಿತು.

ನಮ್ಮ ಹುಡುಗಿಗೆ 23ರ ರೈಸರ್, ಶಾರ್ಟ್ ಲಿಂಬ್, ಮೇಲೆ ಬರೆದಿದ್ದು ಅದೇ 28 ಪೌಂಡ್. ಅದೇ ಎಳೆತದಲ್ಲಿ ತಕ್ಕಡಿ 10.4 ಕಿಲೋ ತೋರಿಸಿತು. 23 ಪೌಂಡ್ ಹತ್ತಿರ. ಎರಡೇ ಪೌಂಡ್ ಜಾಸ್ತಿ ಅಲ್ವಾ ಅನ್ನಿಸಬಹುದು. ಒಂದು ಪಂದ್ಯದ ಸುತ್ತಿನಲ್ಲಿ 72 ಬಾಣ. ಹತ್ತು ಕಿಲೋ ಅಂದರೂ 720 ಕಿಲೋ ಎಳೆದ ಹಾಗಾಯಿತು. ಈ ವಯಸ್ಸಿಗೆ ಅಷ್ಟು ಸಾಕು. ಬಿಲ್ಲು ಚುರುಕಾಗಿದ್ದೇ ಮುಖ್ಯ ಲಾಭ.

ಬೆರಳು ಹಿಸುಕುತ್ತಿದೆ, ಹೆದೆ ಮೂಗಿಗೆ ತಾಗುತ್ತಿಲ್ಲ

ಇದು ಉಲ್ಟಾ ದೋಷ. ಗಿಡ್ಡ ಬಿಲ್ಲು ಒಳ್ಳೆಯದು ಅಂತ ತೀರಾ ಗಿಡ್ಡ ಮಾಡಿದರೆ ಬರುತ್ತದೆ. ಪೂರ್ತಿ ಎಳೆದಾಗ ಹೆದೆ ಬೆರಳ ಹತ್ತಿರ ಚೂಪಾಗಿ ಮಡಚಿಕೊಳ್ಳುತ್ತದೆ. ಮೇಲಿನ ಮತ್ತು ಕೆಳಗಿನ ಬೆರಳು ನಾಕನ್ನು ಹಿಸುಕುತ್ತವೆ. ಬಾಣ ತಾನು ಕೂರುವ ರೆಸ್ಟ್‌ನಿಂದ ಎದ್ದು ಬೀಳುತ್ತದೆ. ಕೊನೆಯ ಒಂದು ಇಂಚು ಎಳೆಯುವಾಗ ಭಾರ ದಿಢೀರ್ ಅಂತ ಏರುತ್ತದೆ. 54 ಇಂಚಿನ ಬಿಲ್ಲನ್ನು 25 ಇಂಚು ಎಳೆಯುವವರಲ್ಲಿ ಇದನ್ನು ನೋಡಿದ್ದೇನೆ.

ತಕ್ಕಡಿಯಲ್ಲಿ ಇಂಚಿಂಚಿಗೂ ಭಾರ ಬರೆದುಕೊಂಡರೆ ಗೊತ್ತಾಗುತ್ತದೆ. ಪ್ರತಿ ಇಂಚಿಗೂ ಒಂದೇ ಸಮ ಏರುತ್ತಿದ್ದದ್ದು ಕೊನೆಯಲ್ಲಿ ಒಮ್ಮೆಗೇ ಎರಡು ಪಟ್ಟಾದರೆ ಬಿಲ್ಲು ಚಿಕ್ಕದಾಯಿತು ಅಂತ ಅರ್ಥ. ಒಂದು ಅಳತೆ ಮೇಲಕ್ಕೆ ಹೋಗಿ.

68ರಿಂದ 64ಕ್ಕೆ ಬಂದಾಗ ಇನ್ನೊಂದು ಬದಲಾವಣೆ ಆಗುತ್ತದೆ. ಹೆದೆ ಮೊದಲಿನಷ್ಟು ನೆಟ್ಟಗಿರದೆ ಮೂಗಿನಿಂದ ಸ್ವಲ್ಪ ದೂರ ಹೋಗುತ್ತದೆ. ಮಗು ಹೆದೆ ಹುಡುಕಿಕೊಂಡು ತಲೆ ಮುಂದಕ್ಕೆ ಬಾಗಿಸಲು ಶುರು ಮಾಡುತ್ತದೆ. ಹಾಗೆ ಬಿಡಬೇಡಿ. ತಲೆ ನೆಟ್ಟಗೇ ಇರಲಿ. ಹೆದೆಗೆ ತುಟಿ ತಾಗುವ ಜಾಗದಲ್ಲಿ ಒಂದು ಚಿಕ್ಕ ಕಿಸ್ಸರ್ ಬಟನ್ ಹಾಕಿ, ಗುರುತಿಗೆ ಅದು ಸಾಕು.

ಬಿಟ್ಟಾಗ ಸದ್ದು ಜಾಸ್ತಿ, ಕೈ ಅದುರುತ್ತದೆ

ಹಿಡಿಯ ಗುಳಿಯಿಂದ ಹೆದೆಗೆ ಇರುವ ದೂರವನ್ನು ಮೊದಲು ನೋಡಿ. ಬ್ರೇಸ್ ಹೈಟ್ ಅಂತಾರೆ. ಕಂಪನಿಯ ಪುಸ್ತಕ ಕೈಯಲ್ಲಿ ಇಲ್ಲದಿದ್ದರೆ, 64 ಇಂಚಿನ ಬಿಲ್ಲಿಗೆ 8ರಿಂದ 8.5, 66ಕ್ಕೆ 8.25ರಿಂದ 8.75, 68ಕ್ಕೆ 8.5ರಿಂದ 9 ಇಂಚು ಅಂತ ಹಿಡಿದು ಶುರು ಮಾಡಿ. ಹೆದೆ ಬಿಚ್ಚಿ ತಿರುವು ಹೆಚ್ಚಿಸಿದರೆ ಅದು ಗಿಡ್ಡವಾಗಿ ದೂರ ಏರುತ್ತದೆ. ತಿರುವು ಕಳೆದರೆ ಇಳಿಯುತ್ತದೆ. ಒಂದು ಸಲಕ್ಕೆ ನಾಲ್ಕು ತಿರುವು ಮಾಡಿ, ಆರು ಬಾಣ ಹೊಡೆದು, ಸದ್ದು ಕೇಳಿ. ಸದ್ದು ಮೆತ್ತಗಾದ ಜಾಗದಲ್ಲಿ ನಿಲ್ಲಿಸಿ. ಗಿಡ್ಡ ಎಳೆತದವರು ಇದರಲ್ಲಿ ಕೆಳಗಿನ ಅಂಚಿಗೆ ಹತ್ತಿರ ಇರುವುದು ಒಳ್ಳೆಯದು. ಕಾಲು ಇಂಚು ಇಳಿಸಿದರೆ ಕಾಲು ಇಂಚು ಜಾಸ್ತಿ ತಳ್ಳು ಸಿಗುತ್ತದೆ. ಆದರೆ ಹೆದೆ ಮುಂಗೈಗೆ ಬಡಿಯಲು ಶುರುವಾದರೆ ತೀರಾ ಇಳಿಸಿದ್ದೀರಿ ಅಂತ ತಿಳಿಯಿರಿ.

ಹೆದೆಯ ದಪ್ಪವನ್ನೂ ನೋಡಿ. ನಮ್ಮ ಬಿಲ್ಲಿಗೆ ಬಂದಿದ್ದು 18 ಎಳೆಯ ಹೆದೆ. ನಲವತ್ತು ಪೌಂಡ್ ಬಿಲ್ಲಿಗೆ ಹಾಕುವಂಥದ್ದು. 23 ಪೌಂಡ್ ಬಿಲ್ಲು ಅಷ್ಟು ತೂಕದ ಹೆದೆಯನ್ನೂ ಎಳೆದುಕೊಂಡು ಓಡಬೇಕು. 14 ಎಳೆಯದು ಹಾಕಿದೆ. ಆಗ ನಾಕ್ ಸಡಿಲವಾಯಿತು, ಮಧ್ಯದ ಸುತ್ತುದಾರವನ್ನು ಸ್ವಲ್ಪ ದಪ್ಪದ್ದು ಹಾಕಬೇಕಾಯಿತು. ನಾಕ್ ಹಾಕಿ ಬಾಣವನ್ನು ಕೆಳಮುಖ ನೇತುಬಿಟ್ಟರೆ ಬೀಳಬಾರದು. ಹೆದೆಗೆ ಬೆರಳಿನಿಂದ ತಟ್ಟಿದರೆ ಬೀಳಬೇಕು. ಆ ಹದ ಸರಿ.

ಬಾಣವೆಲ್ಲ ಎಡಕ್ಕೆ ಹೋಗುತ್ತಿದೆ

ಗಿಡ್ಡ ಎಳೆತದವರನ್ನು ಜಾಸ್ತಿ ಕಾಡುವ ಎರಡನೇ ದೋಷ ಇದು. ಬಲಗೈಯಲ್ಲಿ ಎಳೆಯುವವರ ಲೆಕ್ಕ ಹೇಳುತ್ತಿದ್ದೇನೆ, ಎಡಗೈಯವರು ತಿರುಗಿಸಿ ಓದಿಕೊಳ್ಳಿ.

ಬಾಣ ಬಿಲ್ಲಿನಿಂದ ಹೊರಡುವಾಗ ಮೀನಿನ ಹಾಗೆ ಬಳುಕುತ್ತಾ ಹೋಗುತ್ತದೆ. ಎಷ್ಟು ಬಳುಕಬೇಕು ಅನ್ನುವುದು ಬಿಲ್ಲಿನ ಬಲಕ್ಕೆ ಹೊಂದಬೇಕು. ಬಾಣದ ಬಿಗುವನ್ನು ಸ್ಪೈನ್ ನಂಬರ್ ಹೇಳುತ್ತದೆ. 28 ಇಂಚು ದೂರದ ಎರಡು ಆಸರೆಗಳ ಮೇಲೆ ಬಾಣದ ಕಡ್ಡಿ ಇಟ್ಟು, ನಡುವೆ 880 ಗ್ರಾಂ ತೂಗುಬಿಟ್ಟರೆ ಅದು ಒಂದು ಇಂಚು ಬಾಗಿದರೆ ನಂಬರ್ 1000. ಮುಕ್ಕಾಲು ಇಂಚು ಬಾಗಿದರೆ 750. ನಂಬರ್ ದೊಡ್ಡದಾದಷ್ಟೂ ಬಾಣ ಮೆದು.

ಗಿಡ್ಡ ಎಳೆತದವರ ಬಾಣ ಗಿಡ್ಡ ಇರುತ್ತದೆ. ಗಿಡ್ಡ ಕಡ್ಡಿ ಬಾಗುವುದು ಕಡಿಮೆ. ಜೊತೆಗೆ ಬಿಲ್ಲಿನ ಬಲವೂ ಕಡಿಮೆ. ಎರಡೂ ಸೇರಿ ಬಾಣ ಬಿಗಿಯಾಗುತ್ತದೆ, ಎಡಕ್ಕೆ ಹೋಗುತ್ತದೆ. ಅಣ್ಣನ ಹಳೆಯ ಬಾಣವನ್ನು ಕತ್ತರಿಸಿ ತಂಗಿಗೆ ಕೊಡುವ ಮನೆಗಳಲ್ಲಿ ಇದು ಆಗಿಯೇ ಆಗುತ್ತದೆ. ನಮ್ಮ ಮನೆಯಲ್ಲೂ ಅದೇ ಆಗಿತ್ತು. 800 ಸ್ಪೈನ್ ಬಾಣವನ್ನು 24 ಇಂಚಿಗೆ ಕತ್ತರಿಸಿ ಕೊಟ್ಟಿದ್ದೆವು.

ಪರೀಕ್ಷೆ ಹೀಗೆ. 18 ಮೀಟರ್‌ನಲ್ಲಿ ಗರಿ ಇರುವ ಮೂರು ಬಾಣ, ಗರಿ ತೆಗೆದ ಎರಡು ಬಾಣ ಹೊಡೆಯಿರಿ. ಗರಿ ಇಲ್ಲದವು ಉಳಿದವುಗಳ ಎಡಕ್ಕೆ ಬಿದ್ದರೆ ಬಾಣ ಬಿಗಿ. ಬಲಕ್ಕೆ ಬಿದ್ದರೆ ಮೆದು. ಒಂದೇ ದಿನದ ಮಾತು ನಂಬಬೇಡಿ. ನಮ್ಮ ಕಡೆ ಆಷಾಢದ ಗಾಳಿಯಲ್ಲಿ ಗರಿ ಇಲ್ಲದ ಬಾಣ ಏನೂ ಹೇಳುವುದಿಲ್ಲ. ಬೆಳಿಗ್ಗೆ ಏಳರೊಳಗೆ, ಎಲೆ ಅಲುಗದ ಹೊತ್ತಿನಲ್ಲಿ ಮಾಡಿ.

ಬಿಗಿ ಅಂತ ಗೊತ್ತಾದರೆ ಮೊದಲು ತುದಿಗೆ ಭಾರದ ಮೊನೆ ಹಾಕಿ ನೋಡಿ. ಪ್ಲಂಜರ್ ಸ್ಪ್ರಿಂಗ್ ಸ್ವಲ್ಪ ಸಡಿಲಿಸಿ. ಆದರೂ ಸರಿಹೋಗದಿದ್ದರೆ ಬಾಣವನ್ನೇ ಬದಲಾಯಿಸಬೇಕು. ಪ್ಲಂಜರನ್ನು ತೀರಾ ಸಡಿಲಿಸಿ ಬಾಣವನ್ನು ಒತ್ತಾಯದಿಂದ ನಡುವಿಗೆ ತಂದರೆ ದೋಷ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. 50 ಮೀಟರ್‌ಗೆ ಹೋದಾಗ ಮತ್ತೆ ಎದ್ದು ಬರುತ್ತದೆ. ಅವಳಿಗೆ 1300 ಆಸುಪಾಸಿನ ತೆಳು ಕಾರ್ಬನ್ ಬಾಣ ಹೊಂದಿತು. ಅಳತೆಯೂ 25.5 ಇಂಚು ಉಳಿಸಿದೆ. ಬೆಳೆಯುವ ಮಗುವಿನ ಬಾಣ ರೆಸ್ಟ್‌ನಿಂದ ಎರಡು ಇಂಚಾದರೂ ಮುಂದಿರಬೇಕು. ಜಾಸ್ತಿ ಎಳೆದ ದಿನ ಮೊನೆ ರೆಸ್ಟ್‌ನಿಂದ ಹಿಂದೆ ಜಾರಿ ಬಿಟ್ಟರೆ ಕೈಗೇ ಗಾಯ.

ಒಂದು ಎಚ್ಚರಿಕೆ. ಬಾಣದ ಗರಿ ರೆಸ್ಟ್‌ಗೆ ತಗಲುತ್ತಿದ್ದರೂ ಬಾಣ ಅಡ್ಡಾದಿಡ್ಡಿ ಹೋಗುತ್ತದೆ. ರೆಸ್ಟ್ ಮತ್ತು ಅದರ ಕೆಳಗಿನ ಜಾಗಕ್ಕೆ ಮುಖದ ಪೌಡರ್ ಬಳಿದು ಒಂದು ಬಾಣ ಬಿಡಿ. ಗೀಟು ಬಿದ್ದಿದ್ದರೆ ಗರಿ ತಗಲುತ್ತಿದೆ. ನಾಕನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ನೋಡಿ. ಹೊಸ ಬಾಣಕ್ಕೆ ದುಡ್ಡು ಹಾಕುವ ಮುಂಚೆ ಈ ಕೆಲಸ.

ಕ್ಲಿಕ್ಕರ್ ಬೀಳುತ್ತಿಲ್ಲ

ಕ್ಲಿಕ್ಕರ್ ಅಂದರೆ ಪೂರ್ತಿ ಎಳೆದಾಗ ಬಾಣದ ಮೊನೆಯಿಂದ ಜಾರಿ ಟಿಕ್ ಅನ್ನುವ ತೆಳು ಪಟ್ಟಿ. ಎಳೆತ ಇನ್ನೂ ಒಂದು ಅಳತೆಗೆ ನಿಲ್ಲದ ಮಗುವಿಗೆ ಅದನ್ನು ಹಾಕಲೇಬಾರದು ಅನ್ನುವುದು ನನ್ನ ಗಟ್ಟಿ ಮಾತು. ಅದು ಬೀಳುವ ತನಕ ಮಗು ಭುಜ ತಿರುಚಿ, ಬೆರಳು ಬಿಚ್ಚಿ, ಏನಾದರೂ ಮಾಡಿ ಎಳೆಯುತ್ತದೆ. ಆ ಚಟ ಬಿಡಿಸಲು ವರ್ಷ ಬೇಕು. ಐದಾರು ಸಲ ಅಳೆದಾಗ ಗುರುತುಗಳೆಲ್ಲ ಕಾಲು ಇಂಚಿನೊಳಗೆ ಬಂದರೆ ಆಗ ಹಾಕಿ. ಬಾಣ ಉದ್ದ ಇದ್ದರೆ ಕ್ಲಿಕ್ಕರನ್ನು ಮುಂದೆ ಕೂರಿಸಿ. ಕ್ಲಿಕ್ಕರ್‌ಗೋಸ್ಕರ ಬಾಣ ಕತ್ತರಿಸಬೇಡಿ.

ಬಿಲ್ಲು ಹಿಡಿದ ಕೈ ನಡುಗುತ್ತದೆ

ಎಳೆಯುವ ಭಾರ ಸರಿ ಇದ್ದರೂ ಎತ್ತಿ ಹಿಡಿಯುವ ಭಾರ ಜಾಸ್ತಿ ಇರಬಹುದು. ಬರೀ ಲೋಹದ ರೈಸರೇ ಸಾಮಾನ್ಯವಾಗಿ ಒಂದು ಕಿಲೋಗಿಂತ ಮೇಲೆ ತೂಗುತ್ತದೆ. ಅದಕ್ಕೆ ಸೈಟ್, ಬಿಲ್ಲು ಅಲುಗದಂತೆ ಮುಂದೆ ಸಿಕ್ಕಿಸುವ ಉದ್ದನೆಯ ಕಡ್ಡಿ ಅಂದರೆ ಸ್ಟೆಬಿಲೈಜರ್, ಅಕ್ಕಪಕ್ಕದ ಎರಡು ಕಡ್ಡಿ. ಟಿ.ವಿ.ಯಲ್ಲಿ ದೊಡ್ಡ ಆಟಗಾರರ ಬಿಲ್ಲು ನೋಡಿ ಎಲ್ಲವನ್ನೂ ಹಾಕಿಸುತ್ತಾರೆ. ಗಿಡ್ಡ ತೋಳಿನ ಮಗುವಿಗೆ ಮುಂದಿನ ಒಂದು ಚಿಕ್ಕ ಕಡ್ಡಿ ಸಾಕು. ಎಲ್ಲ ಬಿಚ್ಚಿ ಬರೀ ಬಿಲ್ಲಿನಲ್ಲಿ ಹನ್ನೆರಡು ಬಾಣ ಹೊಡೆಸಿ ನೋಡಿ. ನಡುಕ ನಿಂತರೆ ಕಾರಣ ಸಿಕ್ಕಿತು.

ಕೊಳ್ಳಲು ಹೋಗುವಾಗ

ಹಳೆಯ ಲಿಂಬ್ ಕೊಂಡರೂ ತೊಂದರೆಯಿಲ್ಲ. ಹೆದೆ ಏರಿಸಿ ತುದಿಯಿಂದ ನೋಡಿ. ಹೆದೆ ಎರಡೂ ಲಿಂಬ್‌ಗಳ ನಡುವಿನಲ್ಲೇ ಹೋಗಬೇಕು. ಪಕ್ಕಕ್ಕೆ ವಾಲಿದ್ದರೆ ಲಿಂಬ್ ತಿರುಚಿದೆ, ಬಿಟ್ಟುಬಿಡಿ. ಅಂಚಿನಲ್ಲಿ ಉಗುರು ಆಡಿಸಿ, ಸೀಳು ಇದ್ದರೆ ಸಿಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿಟ್ಟ ಲಿಂಬ್‌ಗಳ ಅಂಟು ಬಿಡುವುದುಂಟು.

ಲಿಂಬ್ ಕೂರುವ ಬೋಲ್ಟ್‌ಗಳನ್ನು ಬಿಗಿ ಮಾಡಿ ಭಾರವನ್ನು ಸ್ವಲ್ಪ ಏರಿಸಬಹುದು, ಸುಮಾರು ಹತ್ತರಲ್ಲಿ ಒಂದು ಭಾಗ. ಅದಕ್ಕಾಗಿ ಬೋಲ್ಟ್ ನಡುವಿನಲ್ಲಿದ್ದಾಗ ಬೇಕಾದ ಭಾರ ಬರುವ ಲಿಂಬ್ ಆರಿಸಿ. ಮುಂದೆ ಏರಿಸಲು ಜಾಗ ಇರುತ್ತದೆ. ಬಿಗಿ ಮಾಡುವ ಮುಂಚೆ ಹೆದೆ ಇಳಿಸಿ, ಬೋಲ್ಟ್ ಹಿಡಿದಿರುವ ಚಿಕ್ಕ ಸ್ಕ್ರೂ ಸಡಿಲಿಸಿ, ಮೇಲೆ ಕೆಳಗೆ ಎರಡನ್ನೂ ಒಂದೇ ಸಮ ತಿರುಗಿಸಿ.

ಅಂಗಡಿಗೆ ಹೋಗುವಾಗ ಗುರುತು ಹಾಕಿದ ಆ ಬಾಣ ಕೈಯಲ್ಲಿರಲಿ. ಎಷ್ಟು ಪೌಂಡ್ ಬೇಕು ಅಂತ ಕೇಳಿದರೆ ಗುರುತು ತೋರಿಸಿ, ಈ ಎಳೆತಕ್ಕೆ ಬೆರಳಿಗೆ ಎಷ್ಟು ಬರುತ್ತದೆ ತೂಗಿ ತೋರಿಸಿ ಅನ್ನಿ. ತೂಗಲು ಒಪ್ಪದ ಅಂಗಡಿಯಲ್ಲಿ ನಾನು ಈಗ ಏನೂ ಕೊಳ್ಳುವುದಿಲ್ಲ.

ಹೊಸ ಬಿಲ್ಲು, ತೆಳು ಹೆದೆ, ಹೊಸ ಬಾಣ ಎಲ್ಲ ಸೇರಿದ ಮೇಲೆ ಅವಳ 50 ಮೀಟರ್ ಸೈಟ್ ಗುರುತು ಒಂದು ಇಂಚು ಮೇಲಕ್ಕೆ ಬಂತು. ಪಿನ್ ಬಾಣಕ್ಕೆ ತಗಲುವುದು ನಿಂತಿತು. ಮೂರು ತಿಂಗಳಿಗೊಮ್ಮೆ ಎಳೆತ ಅಳೆದು ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯುತ್ತೇವೆ. ಹೋದ ತಿಂಗಳು ಅಳೆದಾಗ 24.25 ಬಂತು. ಲಿಂಬ್ ಮುಟ್ಟಿಲ್ಲ. ಬಾಣದ ಮೇಲಿನ ಟೇಪನ್ನು ಮಾತ್ರ ಮುಕ್ಕಾಲು ಇಂಚು ಮುಂದಕ್ಕೆ ಸುತ್ತಿ, ಭಾವನ ತಕ್ಕಡಿ ತಂದು ಮತ್ತೆ ತೂಗಿದೆವು. 11 ಕಿಲೋ.